ಹಳೇ ಪರದೆ, ಹೊಸ ಪರದೆ, ನಡುವೆ ನಮ್ಮ ಕಾಕಾ

ಬೆಳಿಗ್ಗೆ ಒಂಬತ್ತೂವರೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಆಫೀಸ್ ಕ್ಯಾಬು ನಿಂತಿತ್ತು. ಊರಿಂದ ಕಾಕಾನ ಫೋನು.

"ತಮ್ಮಾ, ಕನ್ನಡ ಬರವಲ್ದು."

"ಏನಾತ್ರಿ ಕಾಕಾ?"

"ಬಟನ್ ಒತ್ತಿದ್ರ ಕನ್ನಡ ಬರತಿತ್ತಲ್ಲ, ಈಗ ಏನ್ ಒತ್ತಿದ್ರೂ ಇಂಗ್ಲಿಷೇ ಬರಾಕತ್ತದ. ಅಂಗಡ್ಯಾಗ ಮಂದಿ ನಿಂತಾರ. ಜಲ್ದಿ ನೋಡು."

ಕ್ಯಾಬ್‌ನಲ್ಲೇ ಲ್ಯಾಪ್‌ಟಾಪ್ ತೆಗೆದೆ. ಕಾಕಾನ ಕಂಪ್ಯೂಟರಿಗೆ ಬೆಂಗಳೂರಿಂದಲೇ ಕನೆಕ್ಟ್ ಆಗಿ ರಿಪೇರಿ ಮಾಡೋದು ನನಗೆ ಹೊಸದಲ್ಲ, ವರ್ಷಗಟ್ಟಲೆ ಮಾಡಿದ್ದೆ. ಕನೆಕ್ಟ್ ಆಯ್ತು. ಆದರೆ ಪರದೆ ಪೂರಾ ಕಪ್ಪು. ಮೌಸ್ ಬಾಣ ಬಿಟ್ಟರೆ ಏನೂ ಕಾಣಲಿಲ್ಲ.

"ಕಾಕಾ, ಮಾನಿಟರ್ ಆನ್ ಐತೇನ್ರಿ?"

"ಐತಲ್ಲೋ. ಎಲ್ಲಾ ಛಂದ ಕಾಣ್ತದ. ಕನ್ನಡ ಒಂದ ಬರವಲ್ದು."

ಎರಡು ದಿನದ ಹಿಂದಷ್ಟೇ ಹಬ್ಬಕ್ಕೆ ಊರಿಗೆ ಹೋದವನು, ಕಾಕಾ ಊಟಕ್ಕೆ ಎದ್ದು ಹೋದ ಹೊತ್ತಿನಲ್ಲಿ ಅವನ ಕಂಪ್ಯೂಟರನ್ನು ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿ, ನೋಡೋಕೆ ಎಷ್ಟು ಚೆನ್ನಾಗಿದೆ ಅಂತ ಬೆನ್ನು ತಟ್ಟಿಕೊಂಡು ರಾತ್ರಿ ಬಸ್ ಹತ್ತಿದ್ದೆ. ಹಾಗಾಗಿ ತಪ್ಪು ಯಾರದು ಅಂತ ಹುಡುಕೋ ಕಷ್ಟ ಇರಲಿಲ್ಲ. ಆ ಒಂದು ಫೋನ್ ಕರೆಯ ಹಿಂದೆ ಮಾತ್ರ ನಲವತ್ತು ವರ್ಷದ ಇತಿಹಾಸ ಇದೆ. ಅದನ್ನೇ ಹೇಳೋಣ ಅಂತ ಕೂತಿದ್ದೀನಿ.

ನಮ್ಮೂರು ದೇವರ ಹಿಪ್ಪರಗಿ, ವಿಜಯಪುರ ಜಿಲ್ಲೆ. ಮಡಿವಾಳ ಮಾಚಯ್ಯನ ಊರು ಅಂದ್ರೆ ವಚನ ಓದಿದವರಿಗೆ ಗೊತ್ತಾಗುತ್ತೆ. ಉಳಿದವರಿಗೆ ಸಿಂದಗಿ ಹತ್ತಿರ ಅಂತ ಹೇಳಿ ಮುಗಿಸ್ತೀನಿ. ಕಾಕಾನದು ಅಲ್ಲಿ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮಷೀನು, ಎರಡು ಪ್ಲಾಸ್ಟಿಕ್ ಕುರ್ಚಿ. ಉತಾರದ ಅರ್ಜಿ, ಬಾಂಡ್ ಪೇಪರಿನ ಕರಾರು, ಮಾಸ್ತರರ ಪ್ರಶ್ನೆಪತ್ರಿಕೆ, ಗಣೇಶನ ಪಟ್ಟಿ ಪಾವತಿ, ಎಲ್ಲ ಅಲ್ಲೇ ಆಗಬೇಕು. ಕಾಕಾ ಟೈಪಿಂಗ್ ಕಲಿತದ್ದು ನುಡಿಯಲ್ಲಿ. ಸ್ಕ್ರಾಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ನೀವು ನಾವು ಆ ಕೀಲಿಯನ್ನು ಜೀವಮಾನದಲ್ಲಿ ಒಂದು ಸಲವೂ ಬಳಸಿರಲಿಕ್ಕಿಲ್ಲ. ನಮ್ಮ ಕಾಕಾನ ಕೀಬೋರ್ಡಿನಲ್ಲಿ ಮೊದಲು ಅಕ್ಷರ ಅಳಿಸಿಹೋಗಿದ್ದೇ ಅದರ ಮೇಲೆ.

ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಲಿನಕ್ಸ್ ಹುಚ್ಚು. ಅಂಗಡಿಗೆ ಬಂದವರ ಪೆನ್‌ಡ್ರೈವ್‌ಗಳಿಂದ ವೈರಸ್ ಹತ್ತಿ ಕಾಕಾನ ಕಂಪ್ಯೂಟರ್ ತಿಂಗಳಿಗೊಮ್ಮೆ ಮಲಗ್ತಿತ್ತು. ಲಿನಕ್ಸ್ ಹಾಕ್ತೀನಿ ಅಂದೆ. ಕಾಕಾ ಒಂದೇ ಪ್ರಶ್ನೆ ಕೇಳಿದ: "ನನ್ನ ಹಳೇ ಫೈಲ್ ತೆರೀತಾವಿಲ್ಲೋ?"

ಹಳೆಯದು ಹೊಸದರಲ್ಲಿ ನಡೆಯುತ್ತಾ ಅನ್ನೋ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಆವತ್ತು. ಕಾಲೇಜಿನಲ್ಲಿ 'ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ' ಅಂತ ಎರಡು ಮಾರ್ಕಿಗೆ ಬರೆದಿದ್ದೆ. ಅದರ ಅರ್ಥ ಗೊತ್ತಾಗಿದ್ದು ಆ ಅಂಗಡಿಯಲ್ಲಿ.

ನುಡಿ, ಬರಹ, ಶ್ರೀಲಿಪಿ ಕಾಲದ ಫೈಲುಗಳಲ್ಲಿ ಕನ್ನಡ ಇರೋದಿಲ್ಲ, ಕನ್ನಡದ ವೇಷ ಇರುತ್ತೆ. ಕಂಪ್ಯೂಟರಿನ ಒಳಗೆ ಕೂತಿರೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳು. ಫಾಂಟು ಆ ಸಂಖ್ಯೆಗಳಿಗೆ ಕನ್ನಡದ ತುಂಡುಗಳನ್ನು ತೊಡಿಸುತ್ತೆ. ಫಾಂಟ್ ತೆಗೆದು ನೋಡಿದರೆ 'ನಮ್ಮ' ಅನ್ನೋ ಪದ ಬ್ರಿಟನ್ನಿನ ಪೌಂಡ್ ಚಿಹ್ನೆಯಿಂದ ಶುರುವಾಗುತ್ತೆ. ಯೂನಿಕೋಡ್ ಹಾಗಲ್ಲ, ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಾಗಲೂ, ಅದಾದ ಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಸರಕಾರಿ ಕಚೇರಿಗಳನ್ನೆಲ್ಲ ತುಂಬಿದಾಗಲೂ, ಸಾಮಾನ್ಯ ಕಂಪ್ಯೂಟರುಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುವ ಸ್ಥಿತಿಯಲ್ಲಿ ಇರಲಿಲ್ಲ. ಆ ಹೊತ್ತಿಗೆ ವೇಷವೇ ದಾರಿಯಾಗಿತ್ತು. ಅದಕ್ಕೆ ಅವರನ್ನು ದೂರಿ ಉಪಯೋಗವಿಲ್ಲ.

ಕಾಕಾನನ್ನು ಲಿನಕ್ಸಿಗೆ ದಾಟಿಸುವಾಗ ಮೂರು ಸಂಗತಿ ಕೈಹಿಡಿದವು. ನುಡಿಯ ಫಾಂಟುಗಳನ್ನು ಕಾಪಿ ಮಾಡಿ ಹಾಕಿದೆ, ಹಳೇ ಫೈಲುಗಳು ಕಂಡವು, ಪ್ರಿಂಟೂ ಆದವು. ತಿದ್ದಬೇಕಾದವನ್ನು ಯೂನಿಕೋಡಿಗೆ ಬದಲಿಸೋಕೆ ಅರವಿಂದ ವಿ.ಕೆ. ಅವರಂಥ ಕನ್ನಡದ ಎಂಜಿನಿಯರುಗಳು ಬರೆದಿಟ್ಟ ಪರಿವರ್ತಕಗಳು ಇದ್ದವು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದು ನುಡಿಯಲ್ಲಿ ನೆಲೆಯಾದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ 'ಕೆಜಿಪಿ' ಅನ್ನೋ ಹೆಸರಲ್ಲಿ ಸಿಗುತ್ತೆ. ಹಾಗಾಗಿ ಕಾಕಾನ ಬೆರಳು ಹೊಸದಾಗಿ ಏನೂ ಕಲೀಬೇಕಾಗಲಿಲ್ಲ.

ಸ್ಕ್ರಾಲ್ ಲಾಕ್ ಒಂದು ಬಾಕಿ ಇತ್ತು. ಅದಕ್ಕೆ ನಾನೇ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಹಿನ್ನೆಲೆಯಲ್ಲಿ ಕೂತು ಕೀಬೋರ್ಡ್ ನೋಡ್ತಾ ಇರೋದು, ಆ ಕೀಲಿ ಬಿದ್ದ ತಕ್ಷಣ ಭಾಷೆ ಬದಲಾಯಿಸೋದು, ಅಷ್ಟೇ ಅದರ ಕೆಲಸ. ಕಾಕಾಗೆ ಖುಷಿಯಾಯ್ತು. ನನಗೆ ಕಾಕಾಗಿಂತ ಹೆಚ್ಚು ಖುಷಿ. ಆ ಹತ್ತು ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಅಮೆರಿಕಕ್ಕೆ ಹೋಗೋಣ. 1983ರಲ್ಲಿ ಎಂಐಟಿಯಲ್ಲಿ ಅಥೀನಾ ಅನ್ನೋ ಯೋಜನೆ ಶುರುವಾಯ್ತು. ಡಿಇಸಿ ಮತ್ತು ಐಬಿಎಂ ಕೊಟ್ಟ ಥರಾವರಿ ಕಂಪ್ಯೂಟರುಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕು, ಯಾವುದರ ಮುಂದೆ ಕೂತರೂ ಕೆಲಸ ನಡೀಬೇಕು. 1984ರಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಇದಕ್ಕೊಂದು ವಿಂಡೋ ವ್ಯವಸ್ಥೆ ಕಟ್ಟಿದರು. ಸ್ಟ್ಯಾನ್‌ಫರ್ಡಿನಿಂದ ಬಂದ 'ಡಬ್ಲ್ಯೂ' ಅನ್ನೋ ವ್ಯವಸ್ಥೆಯನ್ನು ತಿದ್ದಿ ಮಾಡಿದ್ದರಿಂದ ಇಂಗ್ಲಿಷ್ ವರ್ಣಮಾಲೆಯ ಮುಂದಿನ ಅಕ್ಷರವೇ ಹೆಸರಾಯ್ತು: ಎಕ್ಸ್.

ಮೊದಲ ಮೂರು ವರ್ಷ ಎಕ್ಸ್ ಓಡಿದ್ದೇ ಓಡಿದ್ದು. ಆವೃತ್ತಿ ಮೇಲೆ ಆವೃತ್ತಿ ಬಂದು 1987ರ ಸೆಪ್ಟೆಂಬರಿಗೆ ಹನ್ನೊಂದನೆಯದು ಬಂತು. ಹತ್ತಕ್ಕೂ ಹನ್ನೊಂದಕ್ಕೂ ಹೊಂದಾಣಿಕೆ ಇರಲಿಲ್ಲ. ಹತ್ತಕ್ಕೆ ಬರೆದ ಪ್ರೋಗ್ರಾಮುಗಳನ್ನು ತಿದ್ದಿ ಬರೀಬೇಕಾಯ್ತು. ಹನ್ನೊಂದಕ್ಕೆ ಬಂದು ಓಟ ನಿಂತಿತು. ಆ ಹೊತ್ತಿಗೆ ಎಷ್ಟೋ ಕಂಪನಿಗಳು ಅದರ ಮೇಲೆ ತಮ್ಮ ವ್ಯವಹಾರ ಕಟ್ಟಿಕೊಂಡಿದ್ದವು. ಮತ್ತೊಮ್ಮೆ ಮುರಿದು ಕಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಇವತ್ತಿಗೂ ಆ ಪ್ರೊಟೋಕಾಲಿನ ಹೆಸರು ಎಕ್ಸ್11 ಅಂತಲೇ. ನಾನು ಹುಟ್ಟೋ ಹೊತ್ತಿಗೆ ಹೆಸರಿಟ್ಟದ್ದು, ನನಗೆ ಕೂದಲು ಬೆಳ್ಳಗಾಗೋ ಹೊತ್ತಿಗೂ ಅದೇ.

ಎಕ್ಸ್‌ನ ಕಲ್ಪನೆ ಆ ಕಾಲಕ್ಕೆ ಬಹಳ ದೊಡ್ಡದು. ಪರದೆ, ಕೀಬೋರ್ಡು, ಮೌಸು ನೋಡಿಕೊಳ್ಳೋದು ಎಕ್ಸ್ ಸರ್ವರ್. ಪ್ರೋಗ್ರಾಮುಗಳೆಲ್ಲ ಅದರ ಗಿರಾಕಿಗಳು, ಅಂದ್ರೆ ಕ್ಲೈಂಟ್‌ಗಳು. 'ಇಲ್ಲೊಂದು ಗೆರೆ ಎಳಿ, ಅಲ್ಲೊಂದು ಅಕ್ಷರ ಹಾಕು' ಅಂತ ಕ್ಲೈಂಟ್ ಕೇಳುತ್ತೆ, ಸರ್ವರ್ ಬರೆಯುತ್ತೆ. ಪ್ರೋಗ್ರಾಮ್ ಇನ್ನೊಂದು ಕಟ್ಟಡದ ಕಂಪ್ಯೂಟರಿನಲ್ಲಿ ಓಡ್ತಿದ್ದರೂ ಚಿತ್ರ ನಿಮ್ಮ ಪರದೆ ಮೇಲೆ ಬರುತ್ತೆ.

ಇದರಲ್ಲಿ ಎರಡು ತೊಡಕು ಇದ್ದವು. ಮೊದಲನೆಯದು ಭದ್ರತೆ. ಎಕ್ಸ್ ಹುಟ್ಟಿದ್ದು ಒಬ್ಬರನ್ನೊಬ್ಬರು ನಂಬುವ ಕ್ಯಾಂಪಸ್ಸಿನಲ್ಲಿ. ಒಂದೇ ಪರದೆಗೆ ಸೇರಿದ ಪ್ರೋಗ್ರಾಮುಗಳ ನಡುವೆ ಗೋಡೆ ಇಡಬೇಕು ಅನ್ನೋ ಯೋಚನೆ ಅದರಲ್ಲಿ ಇಲ್ಲ. ಯಾವ ಪ್ರೋಗ್ರಾಮ್ ಬೇಕಾದರೂ ಬೇರೆಯವರ ಕಿಟಕಿಯ ಚಿತ್ರ ತೆಗೀಬಹುದು, ಬೇರೆಯವರಿಗೆ ಟೈಪ್ ಮಾಡಿದ ಪ್ರತಿ ಕೀಲಿಯನ್ನೂ ಕೇಳಿಸಿಕೊಳ್ಳಬಹುದು. ಬಾಗಿಲೇ ಇಲ್ಲದ ದೊಡ್ಡ ಕೂಡು ಕುಟುಂಬದ ಮನೆ ಇದ್ದ ಹಾಗೆ. ಎಲ್ಲರೂ ನಮ್ಮವರೇ ಆಗಿರೋವರೆಗೆ ಅದರಷ್ಟು ಸುಖ ಇನ್ನೊಂದಿಲ್ಲ.

ಎರಡನೆಯದು ನಮಗೆ ಸಂಬಂಧಿಸಿದ್ದು: ಅಕ್ಷರ. ಎಕ್ಸ್‌ನಲ್ಲಿ ಮೊದಲು ಫಾಂಟುಗಳು ಸರ್ವರಿನ ಬಳಿ ಇರ್ತಿದ್ದವು. ಇಂಥ ಸಂಖ್ಯೆಯ ಅಕ್ಷರ ಹಾಕು ಅಂತ ಪ್ರೋಗ್ರಾಮ್ ಹೇಳಿದರೆ ಸರ್ವರ್ ಆ ಸಂಖ್ಯೆಯ ಚಿತ್ರ ಹಾಕ್ತಿತ್ತು. ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡದ 'ಸ್ತ್ರೀ' ತಗೊಳ್ಳಿ. ಯೂನಿಕೋಡಿನಲ್ಲಿ ಅದು ಆರು ಸಂಖ್ಯೆ: ಸ, ವಿರಾಮ, ತ, ವಿರಾಮ, ರ, ಕೊನೆಗೆ ಈ-ಕಾರ. ಕಣ್ಣಿಗೆ ಕಾಣಬೇಕಾದ್ದು ಒಂದೇ ಗುಚ್ಛ, ತ ಒತ್ತಾಗಿ ಕೆಳಗೆ ಹೋಗಬೇಕು, ರ ಬದಿಗೆ ಸರೀಬೇಕು, ದೀರ್ಘ ಪಕ್ಕಕ್ಕೆ ಬರಬೇಕು. ಒಂದು ಸಂಖ್ಯೆಗೆ ಒಂದು ಚಿತ್ರ ಅನ್ನೋ ಲೆಕ್ಕದಲ್ಲಿ ಇದು ಕೂರೋದೇ ಇಲ್ಲ. ಅಲ್ಲೂ ವೇಷದ ಫಾಂಟೇ ಗತಿ.

2000ದ ಹೊತ್ತಿಗೆ ಈ ಲೆಕ್ಕ ಬದಲಾಯ್ತು. ಕೀತ್ ಪ್ಯಾಕರ್ಡ್ ಅವರು ಎಕ್ಸ್‌ಗೆ 'ರೆಂಡರ್' ಅನ್ನೋ ಹೊಸ ಸವಲತ್ತು ಸೇರಿಸಿದರು, ಜೊತೆಗೆ ಎಕ್ಸ್‌ಎಫ್‌ಟಿ ಬಂತು. ಅಕ್ಷರ ಬಿಡಿಸುವ ಹೊಣೆ ಸರ್ವರಿನಿಂದ ಪ್ರೋಗ್ರಾಮಿನ ಕಡೆಗೆ ಬಂತು. 2002ರಲ್ಲಿ ಜಿಟಿಕೆ 2 ಜೊತೆ ಬಂದ ಪ್ಯಾಂಗೋ, ಆಮೇಲೆ ಹಾರ್ಫ್‌ಬಜ್, ಈ ದಾರಿಯಲ್ಲೇ ಬೆಳೆದು ಭಾರತದ ಲಿಪಿಗಳ ಒತ್ತು-ಗುಣಿತಗಳನ್ನು ಕಲಿತವು. ಲಿನಕ್ಸಿನಲ್ಲಿ ಕನ್ನಡ ಇವತ್ತು ಸರಿಯಾಗಿ ಕಾಣ್ತಿರೋದು ಇದರಿಂದ. ಪ್ರೋಗ್ರಾಮು ಅಕ್ಷರಗಳನ್ನೆಲ್ಲ ತಾನೇ ಜೋಡಿಸಿ, ಸಿದ್ಧ ಚಿತ್ರಗಳನ್ನು ಎಕ್ಸ್ ಕೈಗೆ ಕೊಡುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ. ಅಕ್ಷರ ಬಿಡಿಸೋದು ಕೈತಪ್ಪಿತು. 2004ರ ಎಕ್ಸ್11 ಆರ್6.8ರಲ್ಲಿ 'ಕಾಂಪೋಸಿಟ್' ಬಂದ ಮೇಲೆ ಕಿಟಕಿಗಳನ್ನು ಒಟ್ಟುಗೂಡಿಸಿ ಅಂತಿಮ ಪರದೆ ಮಾಡೋ ಕೆಲಸವನ್ನೂ ಬೇರೊಂದು ಪ್ರೋಗ್ರಾಮ್ ತಗೊಂಡಿತು. 2009ರ ಹೊತ್ತಿಗೆ ಪರದೆಯ ರೆಸಲ್ಯೂಷನ್ ಹೊಂದಿಸೋದು ಲಿನಕ್ಸ್ ಕರ್ನಲ್ ಒಳಗೆ ಹೋಯ್ತು. ನಡುವೆ ನಿಂತ ಎಕ್ಸ್‌ಗೆ ಉಳಿದದ್ದು ಇವರ ಚಿತ್ರ ಅವರಿಗೆ, ಅವರ ಚಿತ್ರ ಇವರಿಗೆ ಕೊಡೋ ಕೆಲಸ. ಮನೆಯ ಯಜಮಾನಿಕೆ ಎಲ್ಲ ಮಕ್ಕಳ ಕೈಗೆ ಹೋದ ಮೇಲೂ ಪ್ರತಿ ಕಾಗದಕ್ಕೂ ಹಿರಿಯರ ಸಹಿ ಬೇಕು ಅನ್ನೋ ಸ್ಥಿತಿ.

2008ರಲ್ಲಿ ಕ್ರಿಸ್ಟಿಯನ್ ಹೊಗ್ಸ್‌ಬರ್ಗ್ ಅನ್ನೋ ಎಂಜಿನಿಯರ್ ಆ ಸಹಿಯನ್ನೇ ಬಿಟ್ಟರೆ ಹೇಗೆ ಅಂತ ಕೇಳಿದರು. ರೆಡ್ ಹ್ಯಾಟ್‌ನಲ್ಲಿ ಎಕ್ಸ್ ಗ್ರಾಫಿಕ್ಸ್ ಮೇಲೇ ಕೆಲಸ ಮಾಡ್ತಿದ್ದವರು. ಮ್ಯಾಸಚೂಸೆಟ್ಸ್ ರಾಜ್ಯದ ವೇಲ್ಯಾಂಡ್ ಅನ್ನೋ ಊರಿನ ಮೂಲಕ ಕಾರಿನಲ್ಲಿ ಹೋಗುವಾಗ ಈ ಯೋಚನೆ ಗಟ್ಟಿಯಾಗಿದ್ದಕ್ಕೆ ಅದೇ ಹೆಸರಿಟ್ಟರು. ಎಕ್ಸ್ ಹುಟ್ಟಿದ್ದೂ ಅದೇ ರಾಜ್ಯದಲ್ಲಿ. ವೇಲ್ಯಾಂಡ್‌ನಲ್ಲಿ ಕಿಟಕಿಗಳನ್ನು ಜೋಡಿಸುವ ಕಾಂಪೋಸಿಟರೇ ಸರ್ವರ್. ಪ್ರೋಗ್ರಾಮು ತನ್ನ ಚಿತ್ರ ತಾನೇ ಬರೆದು ಅದಕ್ಕೆ ಕೊಡುತ್ತೆ. ಒಬ್ಬರ ಕಿಟಕಿ ಇನ್ನೊಬ್ಬರಿಗೆ ಕಾಣಲ್ಲ. ಒಬ್ಬರ ಕೀಲಿ ಇನ್ನೊಬ್ಬರಿಗೆ ಕೇಳಿಸಲ್ಲ. ಬಾಗಿಲಿಲ್ಲದ ಮನೆಗೆ ಕೋಣೆ ಕೋಣೆಗೂ ಬಾಗಿಲು ಬಂತು. 2012ರ ಅಕ್ಟೋಬರಿನಲ್ಲಿ 1.0 ಆವೃತ್ತಿ ಹೊರಬಂತು.

ಆದರೆ ಇಪ್ಪತ್ತೈದು ವರ್ಷಗಳಲ್ಲಿ ಎಕ್ಸ್‌ಗಾಗಿ ಬರೆದ ಪ್ರೋಗ್ರಾಮುಗಳ ರಾಶಿಯನ್ನು ಏನು ಮಾಡೋದು? ಬರೆದವರು ಎಷ್ಟೋ ಜನ ಕೆಲಸ ಬಿಟ್ಟಿದ್ದಾರೆ, ಕೆಲವರು ಈ ಲೋಕವನ್ನೇ ಬಿಟ್ಟಿದ್ದಾರೆ. ತಿದ್ದಿ ಬರೆಯೋರು ಯಾರು?

ಅದಕ್ಕೆ ಕಂಡುಕೊಂಡ ಉಪಾಯ ಎಕ್ಸ್‌ವೇಲ್ಯಾಂಡ್. 2014ರ ಜುಲೈನಲ್ಲಿ ಬಂದ ಎಕ್ಸ್ ಸರ್ವರ್ 1.16ರ ಭಾಗವಾಯ್ತು. ಎಕ್ಸ್‌ನ ನಕಲು ಮಾಡೋ ಬದಲು ಇವರು ನಿಜವಾದ ಎಕ್ಸ್ ಸರ್ವರನ್ನೇ, ಅದರ ಹಳೇ ಕೋಡಿನ ಸಮೇತ, ವೇಲ್ಯಾಂಡ್‌ನ ಒಬ್ಬ ಸಾಮಾನ್ಯ ಗಿರಾಕಿಯಾಗಿ ಕೂರಿಸಿದರು. ಹಳೇ ಪ್ರೋಗ್ರಾಮು ಅದರ ಜೊತೆ ಎಕ್ಸ್ ಭಾಷೆಯಲ್ಲೇ ಮಾತಾಡುತ್ತೆ, ಅದು ವೇಲ್ಯಾಂಡ್ ಜೊತೆ ವೇಲ್ಯಾಂಡ್ ಭಾಷೆಯಲ್ಲಿ ಮಾತಾಡುತ್ತೆ. ಕೆಳಗಿನ ನೆಲ ಬದಲಾಗಿದೆ ಅಂತ ಹಳೇ ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ. ಒಂದು ಕಾಲಕ್ಕೆ ಪರದೆಯನ್ನೇ ಆಳಿದ ಸರ್ವರ್ ಈಗ ಇನ್ನೊಬ್ಬರ ಮನೆಯಲ್ಲಿ ತನ್ನ ಹಳೇ ಮಂದಿಯ ಗಂಟು ಹೊತ್ತುಕೊಂಡು ಓಡಾಡುತ್ತೆ. ಇಂಥ ಕೋಡ್ ಬರೆದವರಿಗೆ ಯಾರೂ ಹಾರ ಹಾಕಲ್ಲ. ಊರ ಮಂದಿಯ ಗಂಟು ಹೊರೋದು ಸಣ್ಣ ಕೆಲಸ ಅಲ್ಲ ಅಂತ ಮಾಚಯ್ಯನ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ನನಗೆ ಅದು ಹೊಳೆದದ್ದು ತಡವಾಗಿ.

ದಾಟೋ ದಾರಿ ನೇರ ಇರಲಿಲ್ಲ. ಉಬುಂಟು ಮಾಡುವ ಕೆನಾನಿಕಲ್ 2013ರಲ್ಲಿ 'ಮಿರ್' ಅನ್ನೋ ಬೇರೆ ವ್ಯವಸ್ಥೆ ಘೋಷಿಸಿ, ಒಂದಷ್ಟು ವರ್ಷ ಜಗಳ ನಡೆದು, 2017ರಲ್ಲಿ ಆ ಡೆಸ್ಕ್‌ಟಾಪ್ ಕನಸನ್ನು ಕೈಬಿಟ್ಟಿತು. ಫೆಡೋರಾ 25, 2016ರ ನವೆಂಬರಿನಲ್ಲಿ ವೇಲ್ಯಾಂಡನ್ನು ಮುಖ್ಯ ಆಯ್ಕೆ ಮಾಡಿತು. ಉಬುಂಟು 2017ರ ಅಕ್ಟೋಬರಿನ 17.10ರಲ್ಲಿ ಅದೇ ಮಾಡಿ, ಆರು ತಿಂಗಳಿಗೆ, 18.04ರಲ್ಲಿ ಎಕ್ಸ್‌ಗೆ ವಾಪಸ್ ಬಂತು. ಅವರು ಕೊಟ್ಟ ಕಾರಣಗಳಲ್ಲಿ ಎರಡನ್ನು ನೋಡಿ: ಪರದೆ ಹಂಚಿಕೊಳ್ಳೋದು ಮತ್ತು ದೂರದಿಂದ ಕಂಪ್ಯೂಟರ್ ನಿಯಂತ್ರಿಸೋದು ಎಕ್ಸ್‌ನಲ್ಲಿ ಚೆನ್ನಾಗಿ ನಡೀತದೆ. 2021ರ 21.04ರಲ್ಲಿ ಮತ್ತೆ ವೇಲ್ಯಾಂಡ್. ನಡುವೆ ಎನ್‌ವಿಡಿಯಾ ಡ್ರೈವರ್‌ಗಳದ್ದು ಬೇರೆಯೇ ಪುರಾಣ. ಚಿತ್ರದ ಜಾಗ ಹಂಚಿಕೊಳ್ಳಲು ಉಳಿದವರು ಜಿಬಿಎಂ ಅಂದ್ರೆ ಇವರು ಇನ್ನೊಂದು ಅಂದರು. 2021ರಲ್ಲಿ ಇವರೂ ಜಿಬಿಎಂ ದಾರಿಗೆ ಬಂದರು.

ಈಗ ಕ್ಯಾಬಿಗೆ ವಾಪಸ್ ಬರೋಣ. ಕಪ್ಪು ಪರದೆ ಯಾಕೆ ಅಂತ ನಿಮಗೂ ಹೊಳೆದಿರಬೇಕು. ಅಪ್‌ಗ್ರೇಡ್ ಆದ ಮೇಲೆ ಕಾಕಾನ ಕಂಪ್ಯೂಟರ್ ವೇಲ್ಯಾಂಡ್‌ಗೆ ದಾಟಿತ್ತು. ನನ್ನ ರಿಮೋಟ್ ಪ್ರೋಗ್ರಾಮು ಹಳೇ ಕಾಲದ್ದು, ಎಕ್ಸ್‌ವೇಲ್ಯಾಂಡ್ ಹೆಗಲ ಮೇಲೆ ಕೂತು ಓಡ್ತಿತ್ತು. ಅದು ಎಕ್ಸ್‌ನಲ್ಲಿ ಮಾಡಿದ ಹಾಗೇ ಇಡೀ ಪರದೆಯ ಚಿತ್ರ ಕೇಳಿತು. ಇದು ನಿನ್ನ ಮನೆ ಅಲ್ಲ ಅಂತ ವೇಲ್ಯಾಂಡ್ ಬಾಗಿಲು ಹಾಕಿತು.

ಸ್ಕ್ರಾಲ್ ಲಾಕ್ ಕಥೆಯೂ ಅದೇ. ನನ್ನ ಹತ್ತು ಸಾಲಿನ ಸ್ಕ್ರಿಪ್ಟ್ ನಡೀತಿದ್ದದ್ದು ಎಕ್ಸ್‌ನ ಆ ತೂತಿನಿಂದ. ಎಲ್ಲರ ಕೀಲಿಯನ್ನೂ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು ಅನ್ನೋದನ್ನೇ ನಂಬಿ ಬರೆದಿದ್ದೆ. ಅಂದ್ರೆ ತಾಂತ್ರಿಕವಾಗಿ ನೋಡಿದರೆ, ಸ್ವಂತ ಕಾಕಾನ ಕಂಪ್ಯೂಟರಿನಲ್ಲಿ ನಾನೇ ಒಂದು ಕೀ-ಲಾಗರ್ ಬರೆದು ಕೂರಿಸಿದ್ದೆ. ಅದೇ ಕೀಬೋರ್ಡಿನಲ್ಲಿ ದಿನಾ ಊರ ಮಂದಿಯ ಆಧಾರ್ ನಂಬರು, ಬ್ಯಾಂಕ್ ಖಾತೆ ನಂಬರು ಟೈಪಾಗ್ತಿದ್ದವು. ನನ್ನ ಸ್ಕ್ರಿಪ್ಟ್ ಏನೂ ಕದೀಲಿಲ್ಲ. ಆದರೆ ಅದರ ಜಾಗದಲ್ಲಿ ಕದಿಯೋದೊಂದು ಇದ್ದಿದ್ದರೆ ಕಾಕಾಗೂ ಗೊತ್ತಾಗ್ತಿರಲಿಲ್ಲ, ನನಗೂ ಗೊತ್ತಾಗ್ತಿರಲಿಲ್ಲ. ಬಾಗಿಲು ಹಾಕಿದ ವೇಲ್ಯಾಂಡ್ ಮಾಡಿದ್ದು ಸರಿ. ಸರಿಯಾದದ್ದು ಆ ದಿನ ಬೆಳಿಗ್ಗೆ ಕಾಕಾನ ಕೈ ಕಟ್ಟಿಹಾಕಿತು ಅನ್ನೋದೂ ನಿಜ.

"ಕಾಕಾ, ಲಾಗೌಟ್ ಮಾಡ್ರಿ. ನಿಮ್ಮ ಹೆಸರು ಒತ್ತಿದ ಮ್ಯಾಲ ಕೆಳಗ ಬಲಕ್ಕ ಒಂದು ಚಕ್ರದಂಥಾದ್ದು ಕಾಣ್ತದ ನೋಡ್ರಿ."

"ಎಲ್ಲೈತೋ... ಹಾಂ, ಐತಿ."

"ಅದನ್ನ ಒತ್ರಿ. ಎರಡು ಹೆಸರು ಬರ್ತಾವ. ಎಕ್ಸ್‌ಆರ್ಗ್ ಅಂತ ಇರೋದು ಆರಿಸ್ರಿ."

ಎರಡು ನಿಮಿಷ ಸದ್ದಿಲ್ಲ. ಆಮೇಲೆ ಕೀಲಿ ಒತ್ತಿದ ಸದ್ದು. "ಬಂತು ನೋಡು ಕನ್ನಡ," ಅಂದ ಕಾಕಾ. ಹೊಸದರ ಪಕ್ಕದಲ್ಲೇ ಹಳೇದಕ್ಕೂ ಒಂದು ದಾರಿ ಇಟ್ಟ ಆ ಪುಟ್ಟ ಚಕ್ರದ ಗುರುತಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಂಗಡಿಯಲ್ಲಿ ನಿಂತಿದ್ದ ಮಂದಿಯ ವಿಷಯ ರಾತ್ರಿ ಗೊತ್ತಾಯ್ತು. ಒಬ್ಬ ಹಿರಿಯರು ಬೆಳೆಹಾನಿ ಪರಿಹಾರದ ಅರ್ಜಿಗೆ ಬಂದಿದ್ದರು. ಅವತ್ತೇ ಕೊನೇ ದಿನ. ಹೊಲದಲ್ಲಿ ತೊಗರಿ ನಿಂತ ನೀರಿಗೆ ಕೊಳೆತಿತ್ತು. ನಾನು ಕಪ್ಪು ಪರದೆ ನೋಡ್ತಾ ಕೂತಿದ್ದ ಹೊತ್ತಿನಲ್ಲಿ ಬಸ್ ಬರೋ ಟೈಮಾಯ್ತು. ಕಾಕಾ ಬಿಳಿ ಹಾಳೆ ತಗೊಂಡು ಅರ್ಜಿಯನ್ನು ಪೂರಾ ಕೈಯಲ್ಲೇ ಬರೆದು, ಉತಾರದ ಝೆರಾಕ್ಸ್ ಹಚ್ಚಿ ಕಳಿಸಿದ್ದ.

"ಎಷ್ಟು ತಗೊಂಡ್ರಿ?" ಅಂತ ಸುಮ್ಮನೆ ಕೇಳಿದೆ.

"ಟೈಪೇ ಮಾಡಿಲ್ಲ, ರೊಕ್ಕ ಹ್ಯಾಂಗ ತಗೊಳ್ಳಿ?"

ಇದಾದ ಮೇಲೆ ಆ ಕಂಪ್ಯೂಟರ್ ಎಷ್ಟೋ ದಿನ ಎಕ್ಸ್ ಮೇಲೇ ಓಡಿತು. ಆದರೆ ಆ ಚಕ್ರದೊಳಗಿನ ದಾರಿ ಮುಚ್ಚುತ್ತಾ ಬಂತು. 2025ರ ಮೇನಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಎಕ್ಸ್‌ಆರ್ಗ್ ಸರ್ವರ್ ಇಲ್ಲ. ಅದೇ ವರ್ಷ ಅಕ್ಟೋಬರಿನ ಉಬುಂಟು 25.10 ಮತ್ತು ಫೆಡೋರಾ 43ರ ಗ್ನೋಮ್‌ನಲ್ಲಿ ಎಕ್ಸ್ ಆಯ್ಕೆ ಮಾಡೋಕೆ ಆಗಲ್ಲ. ಈ ಎಲ್ಲದರಲ್ಲೂ ಎಕ್ಸ್‌ವೇಲ್ಯಾಂಡ್ ಮಾತ್ರ ಉಳಿದಿದೆ. ಹಳೇ ಮನೆ ಕೆಡವಿದರೂ ಹಳೇ ಮನೆಯವರನ್ನು ಬೀದಿಗೆ ಹಾಕಲಿಲ್ಲ.

ಇಲ್ಲೇ ನಮ್ಮ ಕನ್ನಡದ ದಾಟುವಿಕೆಗೂ ಇದಕ್ಕೂ ಇರೋ ವ್ಯತ್ಯಾಸ ನನಗೆ ಚುಚ್ಚುತ್ತೆ. ನುಡಿಯಿಂದ ಯೂನಿಕೋಡಿಗೆ ಬರುವಾಗ ಯಾವ ಹೊಸ ವ್ಯವಸ್ಥೆಯೂ ಹಳೇ ಫೈಲುಗಳನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ಬರಲಿಲ್ಲ. ಹಳೇ ಫೈಲನ್ನು ಇದ್ದ ಹಾಗೇ ತೆರೆದು, ಒಳಗೊಳಗೇ ಕನ್ನಡ ಅಂತ ಗುರುತಿಸಿ, ಹುಡುಕೋಕೆ ತಿದ್ದೋಕೆ ಬಿಡೋ ಏರ್ಪಾಡು ಕಾಕಾನಂಥವರ ಕೈಗೆ ಬರಲೇ ಇಲ್ಲ. ಪರಿವರ್ತಕಗಳನ್ನು ಬರೆದವರು ಬಿಡುವಿನ ವೇಳೆಯಲ್ಲಿ, ಭಾಷೆ ಮೇಲಿನ ಪ್ರೀತಿಗೆ ಬರೆದರು. ಅವು ಬದಲಿಸಿದ ಮೇಲೂ ಅರ್ಕಾವೊತ್ತು ಸರಿ ಇದೆಯಾ, ಇಂಗ್ಲಿಷ್ ಪದಗಳು ಕಲಸಿಹೋದವಾ ಅಂತ ಕಣ್ಣಿಟ್ಟು ನೋಡಬೇಕು. ಯಾವ ಯಾವ ಊರಿನ ಯಾವ ಯಾವ ಹಾರ್ಡ್ ಡಿಸ್ಕಿನಲ್ಲಿ ಪೌಂಡ್ ಚಿಹ್ನೆಯಿಂದ ಶುರುವಾಗೋ 'ನಮ್ಮ' ಬಿದ್ದಿದೆಯೋ. ಹುಡುಕಾಟಕ್ಕೆ ಅದು ಸಿಗಲ್ಲ, ಯಾಕಂದ್ರೆ ಯಂತ್ರದ ಲೆಕ್ಕಕ್ಕೆ ಅದು ಕನ್ನಡವೇ ಅಲ್ಲ.

ಕಳೆದ ದಸರಾಕ್ಕೆ ಊರಿಗೆ ಹೋದಾಗ ಕಾಕಾನ ಹಳೇ ಕಂಪ್ಯೂಟರಿನ ಬದಲು ಹೊಸದು ತಂದಿದ್ದೆ. ಅದರಲ್ಲಿ ಹಾಕೋದು ಹೊಸ ಆವೃತ್ತಿಯೇ, ಎಕ್ಸ್‌ಗೆ ಮರಳೋ ದಾರಿ ಇಲ್ಲ. ಈ ಸಲ ಮೊದಲ ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಬೆಳಿಗ್ಗೆಯಿಂದ ಸಂಜೆವರೆಗೆ ಕಾಕಾ ಕೆಲಸ ಮಾಡೋದನ್ನು ನೋಡಿದೆ. ಕಾಕಿ ಚಾ ತಂದು ಕೊಟ್ಟು, "ಇಂವ ಯಾಕ ಹಿಂಗ ಸುಮ್ಮ ಕುಂತಾನ?" ಅಂತ ಕೇಳಿದಳು. ಹಾಳಾದ ಝೆರಾಕ್ಸ್ ಹಾಳೆಯ ಹಿಂದೆ ಪಟ್ಟಿ ಮಾಡ್ತಿದ್ದೆ. ಸ್ಕ್ರಾಲ್ ಲಾಕ್ ದಿನಕ್ಕೆ ನೂರಾರು ಸಲ. ಪ್ರಿಂಟ್ ಸ್ಕ್ರೀನ್ ಒತ್ತಿ ಚಿತ್ರ ತೆಗೆಯೋದು. ಹಳೇ ನುಡಿ ಫೈಲಿನಿಂದ ನಮೂನೆ ತೆರೆದು, ನೋಡಿಕೊಂಡು ಹೊಸದು ಬರೆಯೋದು. ಯಾವುದಾದರೂ ಕೆಟ್ಟರೆ ನನಗೆ ಫೋನ್ ಮಾಡೋದು. ಅದೂ ಒಂದು ಅಭ್ಯಾಸವೇ, ಪಟ್ಟಿಗೆ ಸೇರಿಸಿದೆ.

ಎರಡನೇ ದಿನ ಒಂದೊಂದಾಗಿ ದಾಟಿಸಿದೆ. ಸ್ಕ್ರಾಲ್ ಲಾಕ್‌ಗೆ ಸ್ಕ್ರಿಪ್ಟ್ ಬೇಕಾಗಲೇ ಇಲ್ಲ. ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲೇ ಭಾಷೆ ಬದಲಾಯಿಸೋಕೆ ಯಾವ ಕೀಲಿ ಬೇಕು ಅಂತ ಹೇಳಬಹುದು. ಕಾಂಪೋಸಿಟರ್ ತಾನೇ ಅದನ್ನು ನೋಡಿಕೊಳ್ಳುತ್ತೆ, ಯಾರೂ ಕದ್ದು ಕೇಳಬೇಕಾಗಿಲ್ಲ. ಈ ಸರಿಯಾದ ದಾರಿ ಮೊದಲಿನಿಂದಲೂ ಇತ್ತು. ನಾನು ಹುಡುಕಿರಲಿಲ್ಲ, ಸ್ಕ್ರಿಪ್ಟ್ ಬರೆಯೋ ಚಪಲ ಹೆಚ್ಚಾಗಿತ್ತು. ದೂರದಿಂದ ಪರದೆ ನೋಡೋದಕ್ಕೆ ಈಗ ಪೋರ್ಟಲ್ ಮತ್ತು ಪೈಪ್‌ವೈರ್ ಮೂಲಕ ಅನುಮತಿ ಕೇಳುವ ಏರ್ಪಾಡು ಇದೆ. ನಾನು ಕೇಳಿದರೆ ಕಾಕಾನ ಮುಂದೆ ಒಂದು ಪ್ರಶ್ನೆ ಬರುತ್ತೆ, ಅವನು ಹೂಂ ಅಂದರೆ ಮಾತ್ರ ನನಗೆ ಕಾಣುತ್ತೆ. ಮೊದಲ ಸಲ ಆ ಪ್ರಶ್ನೆ ಬಂದಾಗ ಕಾಕಾ ನಕ್ಕ. "ಈಗ ನನ್ನ ಕೇಳಿ ಒಳಗ ಬರ್ತೀಯೇನೋ?"

ಎಕ್ಸ್‌ವೇಲ್ಯಾಂಡ್ ಬರೆದವರು ಪ್ರೋಗ್ರಾಮುಗಳನ್ನು ದಾಟಿಸಿದರು. ಕಾಕಾನ ಎಡಗೈ ಯಾವ ಕೀಲಿಗೆ ಹೋಗುತ್ತೆ ಅನ್ನೋದು ಅಷ್ಟು ದೂರ ಕೂತವರಿಗೆ ಗೊತ್ತಾಗೋಕೆ ಸಾಧ್ಯ ಇಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ, ನಾನು ಊಟದ ಹೊತ್ತಿನಲ್ಲಿ ಅಪ್‌ಗ್ರೇಡ್ ಒತ್ತಿ ಬಸ್ ಹತ್ತಿದ್ದೆ. ನಾವು ಆಫೀಸಿನಲ್ಲಿ ದಿನಾ 'ಮೈಗ್ರೇಷನ್' ಅನ್ನೋ ಪದ ಬಳಸ್ತೀವಿ. ಟಿಕೆಟ್ ಕ್ಲೋಸ್ ಮಾಡೋ ಮೊದಲು ಆ ಕಡೆ ಯಾರ ಅಂಗಡಿಯಲ್ಲಿ ಎಷ್ಟು ಮಂದಿ ನಿಂತಿದ್ದಾರೆ ಅಂತ ಒಮ್ಮೆ ಕೇಳೋ ರೂಢಿ ನನಗಂತೂ ಆ ಫೋನ್ ಬಂದ ಮೇಲೆ ಬಂತು.

ಹೊರಡೋ ಮುಂಚೆ ಕಾಕಾ ಒಂದು ಅರ್ಜಿ ಟೈಪ್ ಮಾಡ್ತಿದ್ದ. ನಮ್ಮೂರು 2018ರ ಹೊತ್ತಿಗೆ ತಾಲೂಕಾಯ್ತು, ಅದಕ್ಕೂ ಮುಂಚೆ ಸಿಂದಗಿ ತಾಲೂಕಿನಲ್ಲಿತ್ತು. ಜಿಲ್ಲೆ 2014ರವರೆಗೆ ಬಿಜಾಪುರ, ಈಗ ವಿಜಯಪುರ. ಆದರೆ ಮಂದಿಯ ಹಳೇ ಖರೀದಿ ಪತ್ರಗಳು ಹಳೇ ಹೆಸರಿನಲ್ಲೇ ಇವೆ. ಕಾಕಾ ಸ್ಕ್ರಾಲ್ ಲಾಕ್ ಒತ್ತಿದ, ಕನ್ನಡ ಬಂತು. ವಿಳಾಸದ ಜಾಗದಲ್ಲಿ ಬರೆದ: ತಾಲೂಕು ದೇವರ ಹಿಪ್ಪರಗಿ, ಹಿಂದಿನ ತಾಲೂಕು ಸಿಂದಗಿ.

"ಎರಡೂ ಯಾಕ್ ಬರೀತೀರಿ ಕಾಕಾ?" ಅಂದೆ.

"ಹೊಸಾದು ಈಗಿನ ಸಾಹೇಬರಿಗೆ. ಹಳೇದು ಕಾಗದಕ್ಕ," ಅಂದು ಪ್ರಿಂಟ್ ಒತ್ತಿದ.